ಗ್ಯಾಸ್ ಹಾಕುವ ಮುಂಚೆ ಅಳತೆ ಮಾಡಿದ ಅಂಗಡಿ: ದಾವಣಗೆರೆಯಲ್ಲಿ ನಮ್ಮ ಹಳೇ ಪಿಕಪ್‌ನ ಎಸಿ ರಿಪೇರಿ

ನಮ್ಮದು 2011ರ ಡಬಲ್ ಕ್ಯಾಬಿನ್ ಡೀಸೆಲ್ ಪಿಕಪ್. ಊರು ಭರಮಸಾಗರದ ಹತ್ತಿರ. ಹಿಂದೆ ಮೆಕ್ಕೆಜೋಳದ ಚೀಲ, ಮುಂದೆ ಮನೆ ಜನ, ಹೀಗೆ ಇಷ್ಟು ವರ್ಷ ದುಡಿದ ಗಾಡಿ ಅದು. ಅದರಲ್ಲಿ ಎಸಿ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಅಪ್ಪನಿಗೆ ದಮ್ಮು ಇದೆ. ತಿಂಗಳಿಗೊಂದು ಸಲ ದಾವಣಗೆರೆಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಹೈವೇಯಲ್ಲಿ ಕಿಟಕಿ ಇಳಿಸಿದರೆ ಲಾರಿ ಹೊಗೆ, ಧೂಳು. ಏರಿಸಿದರೆ ಒಳಗೆ ಬೇಯಬೇಕು. ಏಪ್ರಿಲ್ ಬಿಸಿಲಲ್ಲಿ ಅವರು ಎದೆ ಹಿಡಿದುಕೊಂಡು ಕೂರುವುದನ್ನು ಪಕ್ಕದಲ್ಲೇ ನೋಡುತ್ತಾ ಸ್ಟೇರಿಂಗ್ ಹಿಡಿಯೋದು ನನಗೆ ಆಗುತ್ತಿರಲಿಲ್ಲ.

ತೊಂದರೆ ಹೀಗಿತ್ತು. ಬೆಳಿಗ್ಗೆ ಮನೆಯಿಂದ ಹೊರಟಾಗ ಎಸಿ ಚೆನ್ನಾಗಿಯೇ ಇರುತ್ತಿತ್ತು. ಮೂವತ್ತು, ನಲವತ್ತು ನಿಮಿಷ ಆದ ಮೇಲೆ, ಸುಮಾರು ಆನಗೋಡು ದಾಟುವಷ್ಟರಲ್ಲಿ, ಗಾಳಿ ಬರುತ್ತಿತ್ತು ಆದರೆ ತಂಪು ಇರುತ್ತಿರಲಿಲ್ಲ. ಎಲ್ಲಾದರೂ ಚಾ ಕುಡಿಯಲು ಅರ್ಧ ಗಂಟೆ ನಿಲ್ಲಿಸಿ ಮತ್ತೆ ಹೊರಟರೆ ತಂಪು ವಾಪಸ್. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಬಿಸಿ. ಈ ವಿಷಯ ನೆನಪಿಟ್ಟುಕೊಳ್ಳಿ, ಇಡೀ ಕಥೆಯ ಬೀಗದ ಕೈ ಇದೇ.

ಮೊದಲು ತೋರಿಸಿದ್ದು ಬೇರೆ ಕಡೆ. ಆ ಅಂಗಡಿ ಯಾವುದು ಅಂತ ಬರೆಯುವುದಿಲ್ಲ. ಅಲ್ಲಿ ನಾನು ಸಮಸ್ಯೆ ಹೇಳಿ ಮುಗಿಸುವ ಮುಂಚೆಯೇ "ಗ್ಯಾಸ್ ಹೋಗಿದೆ" ಅಂದರು. ಇದ್ದ ಗ್ಯಾಸನ್ನು ಬುಸ್ ಅಂತ ಗಾಳಿಗೆ ಬಿಟ್ಟು ಹೊಸದು ತುಂಬಿದರು. 1,800 ರೂಪಾಯಿ. ತಂಪು ಬಂತು, ಖುಷಿಯಿಂದ ಮನೆಗೆ ಬಂದೆ. ಎರಡು ದಿನಕ್ಕೆ ಮತ್ತೆ ಅದೇ ಹಾಡು. ಮತ್ತೆ ಹೋದೆ, ಮತ್ತೆ ಗ್ಯಾಸ್, ಮತ್ತೆ 1,800. ಮೂರನೇ ಸಲ "ಈ ಸಲ ಸ್ವಲ್ಪ ಜಾಸ್ತಿನೇ ಹಾಕಿದ್ದೀನಿ ಅಣ್ಣ, ಏನೂ ಆಗಲ್ಲ" ಅಂದರು. ಒಟ್ಟು 5,400 ರೂಪಾಯಿ. ನಾಲ್ಕನೇ ಸಲ ಹೋದಾಗ ಕಂಪ್ರೆಸರ್, ಅಂದರೆ ಎಸಿ ಗ್ಯಾಸನ್ನು ಒತ್ತಿ ತಳ್ಳುವ ಪಂಪ್, ಹೋಗಿದೆ, ಹೊಸದು ಹಾಕಬೇಕು, 16,000 ಆಗುತ್ತದೆ ಅಂದರು. ಆಗ ನನಗೆ ನಿಜವಾಗಿ ಸಿಟ್ಟು ಬಂತು. ಕಂಪ್ರೆಸರ್ ಹೋಗಿದ್ದರೆ ಬೆಳಿಗ್ಗೆ ಹೊತ್ತು ಅಷ್ಟು ತಂಪು ಹೇಗೆ ಬರುತ್ತದೆ?

ಎಪಿಎಂಸಿಯಲ್ಲಿ ಚೀಲ ಇಳಿಸುವಾಗ ಇನ್ನೊಬ್ಬ ಗಾಡಿಯವರು ಈಗ ಹೇಳುತ್ತಿರುವ ಅಂಗಡಿ ತೋರಿಸಿದರು. ದಾವಣಗೆರೆಯ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ. ದೊಡ್ಡ ಬೋರ್ಡ್ ಇಲ್ಲ. ಒಂದು ಶೆಡ್, ಮುಂದೆ ಬೇವಿನ ಮರ, ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಒಬ್ಬ ಮಿಸ್ತ್ರಿ, ಒಬ್ಬ ಹುಡುಗ, ಅಷ್ಟೇ. ಅಪ್ಪನನ್ನು ಡಾಕ್ಟರಿಗೆ ತೋರಿಸಿಕೊಂಡು ಹನ್ನೊಂದು ಗಂಟೆಗೆ ಅಲ್ಲಿಗೆ ಹೋದೆವು.

ಅಲ್ಲಿ ನನಗೆ ಮೊದಲು ಇಷ್ಟವಾಗಿದ್ದು, ಮಿಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. ಕೇಳಿದರು. ಯಾವಾಗ ನಿಲ್ಲುತ್ತದೆ? ಓಡುವಾಗಲೋ, ಸಿಗ್ನಲ್‌ನಲ್ಲಿ ನಿಂತಾಗಲೋ? ನಿಂತ ಮೇಲೆ ಗಾಳಿಯ ಜೋರು ಕಮ್ಮಿ ಆಗುತ್ತದಾ, ಅಥವಾ ಜೋರು ಹಾಗೇ ಇದ್ದು ಬರೀ ಬಿಸಿ ಆಗುತ್ತದಾ? ಎಷ್ಟು ಹೊತ್ತು ಬಿಟ್ಟರೆ ವಾಪಸ್ ಬರುತ್ತದೆ? ನಾನು ಹೇಳಿದ್ದನ್ನೆಲ್ಲ ಹುಡುಗನ ಕೈಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದರು. ಅಪ್ಪನನ್ನು ನೋಡಿ "ಯಜಮಾನ್ರೆ, ನೀವು ನೆರಳಲ್ಲಿ ಕೂತ್ಕೊಳ್ರಿ, ಇದು ಹೊತ್ತು ಹಿಡೀತದೆ" ಅಂತ ಕುರ್ಚಿ ಹಾಕಿಸಿದರು.

ಆಮೇಲೆ ಇಂಜಿನ್ ಆಫ್ ಇದ್ದಾಗಲೇ ಎರಡು ಗೇಜ್ ಸಿಕ್ಕಿಸಿದರು. ನೀಲಿ ಪೈಪ್ ಕಡಿಮೆ ಒತ್ತಡದ ಕಡೆಗೆ, ಕೆಂಪು ಪೈಪ್ ಜಾಸ್ತಿ ಒತ್ತಡದ ಕಡೆಗೆ. ಎರಡೂ 110 ಪಿಎಸ್‌ಐ ಹತ್ತಿರ ನಿಂತವು. "ನೋಡಿ, ಗ್ಯಾಸ್ ಖಾಲಿ ಆಗಿಲ್ಲ. ಆದರೆ ಎಷ್ಟಿದೆ ಅಂತ ಈ ಮುಳ್ಳು ಹೇಳಲ್ಲ" ಅಂದರು. ನನಗೆ ಇದು ಹೊಸ ವಿಷಯ. ಪೈಪಿನೊಳಗೆ ಸ್ವಲ್ಪವಾದರೂ ದ್ರವ ಉಳಿದಿದ್ದರೆ, ನಿಂತ ಗಾಡಿಯಲ್ಲಿ ಒತ್ತಡ ಹೊರಗಿನ ಬಿಸಿಯ ಮೇಲೆ ನಿಲ್ಲುತ್ತದೆ. ಅರ್ಧ ಸಿಲಿಂಡರ್ ಆದರೂ ತುಂಬಿದ ಸಿಲಿಂಡರ್ ಆದರೂ ಅದೇ ಒತ್ತಡ. ಈ ಗಾಡಿಗಳಲ್ಲಿ ಇರುವ ಆರ್ 134ಎ ಗ್ಯಾಸ್ 30 ಡಿಗ್ರಿ ಬಿಸಿಲಲ್ಲಿ ಸುಮಾರು 97, 35 ಡಿಗ್ರಿಯಲ್ಲಿ ಸುಮಾರು 114 ತೋರಿಸುತ್ತದಂತೆ. ಹಾಗಾಗಿ ಇಂಜಿನ್ ಆಫ್ ಮಾಡಿ ಗೇಜ್ ನೋಡಿ "ಗ್ಯಾಸ್ ಸರಿ ಇದೆ" ಅಥವಾ "ಅರ್ಧ ಇದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿದ ಮೇಲೆ ನೀಲಿ 52, ಕೆಂಪು 300 ತೋರಿಸಿತು. ಮಿಸ್ತ್ರಿ ಮುಖ ಸಿಂಡರಿಸಿದರು. ನೀಲಿ 30ರಿಂದ 40ರೊಳಗೆ, ಕೆಂಪು 200ರಿಂದ 250ರೊಳಗೆ ಇದ್ದರೆ ಈ ಬಿಸಿಲಿಗೆ ಸಮಾಧಾನ. ಎರಡೂ ಕಮ್ಮಿ ಇದ್ದರೆ ಗ್ಯಾಸ್ ಕಮ್ಮಿ. ಎರಡೂ ಜಾಸ್ತಿ ಇದ್ದರೆ ಗ್ಯಾಸ್ ಜಾಸ್ತಿ ತುಂಬಿರಬೇಕು, ಇಲ್ಲಾ ಮುಂದಿನ ಜಾಲಿಯಿಂದ ಬಿಸಿ ಹೊರಗೆ ಹೋಗುತ್ತಿಲ್ಲ. ನೀಲಿ ಏರಿ ಕೆಂಪು ಇಳಿದಿದ್ದರೆ ಮಾತ್ರ ಕಂಪ್ರೆಸರ್ ಮೇಲೆ ಅನುಮಾನ ಪಡಬೇಕು. ನಮ್ಮದರಲ್ಲಿ ಎರಡೂ ಜಾಸ್ತಿ. ಅಂದರೆ 16,000ದ ಕಂಪ್ರೆಸರ್ ಮಾತು ಅಲ್ಲಿಗೇ ಬಿದ್ದುಹೋಯಿತು. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಮುಂದಿನ ಗ್ರಿಲ್ ಬಿಚ್ಚಿದಾಗ ನೋಡಬೇಕಿತ್ತು ನೀವು. ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್, ಅಂದರೆ ಎಸಿಯ ಬಿಸಿಯನ್ನು ಹೊರಗೆ ಹಾಕುವ ಜಾಲಿ, ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ಕಣದಲ್ಲಿ ಹಾರಿದ ಮೆಕ್ಕೆಜೋಳದ ಹೊಟ್ಟು, ರವದಿ ಚೂರು, ಚಿಟ್ಟೆ ರೆಕ್ಕೆ, ಅದರ ಮೇಲೆ ಕೆಂಪು ಧೂಳು, ಎಲ್ಲಾ ಸೇರಿ ರೊಟ್ಟಿ ಹಾಗೆ ಗಟ್ಟಿಯಾಗಿ ಅಂಟಿತ್ತು. ಮಿಸ್ತ್ರಿ ಉಗುರಿನಲ್ಲಿ ಒಂದು ಮೂಲೆ ಎತ್ತಿದರು, ಅಂಗೈ ಅಗಲದ ಹಾಳೆ ಹಾಗೇ ಕಳಚಿ ಬಂತು. ವಾಟರ್ ಸರ್ವಿಸ್‌ಗೆ ಎಷ್ಟೋ ಸಲ ಕೊಟ್ಟಿದ್ದೆ ಅಂದೆ. ಅಲ್ಲಿ ಮುಂದಿನಿಂದ ಜೋರಾಗಿ ನೀರು ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದೆ, ತೆಳು ರೆಕ್ಕೆಗಳೂ ಮಡಚಿಕೊಂಡು ದಾರಿ ಮುಚ್ಚುತ್ತವೆ ಅಂದರು. ಇವರು ಮೆತ್ತಗಿನ ನೀರನ್ನು ಹಿಂದಿನಿಂದ ಮುಂದಕ್ಕೆ ಬಿಟ್ಟು, ಬಣ್ಣ ಹಚ್ಚುವ ಹಳೇ ಬ್ರಷ್‌ನಲ್ಲಿ ಮೇಲಿಂದ ಕೆಳಗೆ ತಿಕ್ಕಿದರು. ಮುಕ್ಕಾಲು ಗಂಟೆ ಬರೀ ಇದಕ್ಕೇ. ಆಮೇಲೆ ಕೆಂಪು ಮುಳ್ಳು 270ಕ್ಕೆ ಇಳಿಯಿತು.

ಆದರೂ "ಇದು ನಿಮ್ಮ ಕಂಪ್ಲೇಂಟ್ ಅಲ್ಲ" ಅಂದರು. ಅದು ನನಗೆ ತುಂಬಾ ದೊಡ್ಡದಾಗಿ ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಲ್ ಹರಿದು ಕೊಡುತ್ತಿದ್ದರು, ಅಲ್ವಾ? ಇವರು ಬಿಸಿಲಿನಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ತೆಗೆದು, ಎಸಿ ಫುಲ್ ಇಟ್ಟು, ಇಂಜಿನ್ ಓಡುತ್ತಾ ಬಿಟ್ಟು ಕಾಯ್ದರು. ತಪ್ಪು ಕಣ್ಣೆದುರು ಆಗಬೇಕು ಅಂತ. ನಾನೂ ಪಕ್ಕದಲ್ಲೇ ನಿಂತಿದ್ದೆ. ಮೂವತ್ತೈದು ನಿಮಿಷ ಆಯಿತು. ಟಕ್ ಅಂತ ಒಂದು ಶಬ್ದ. ಕಂಪ್ರೆಸರ್ ಮುಂದಿನ ಪ್ಲೇಟ್ ನಿಂತುಹೋಯಿತು, ಸುತ್ತಲಿನ ಪುಲ್ಲಿ ಮಾತ್ರ ಬೆಲ್ಟ್ ಜೊತೆ ತಿರುಗುತ್ತಾ ಇತ್ತು.

ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು. ಬೆಲ್ಟ್ ಸದಾ ಪುಲ್ಲಿಯನ್ನು ತಿರುಗಿಸುತ್ತದೆ. ಕಂಪ್ರೆಸರ್ ಒಳಗಿನ ಶಾಫ್ಟ್ ತಿರುಗಬೇಕು ಅಂದರೆ ಮುಂದಿನ ಪ್ಲೇಟ್ ಪುಲ್ಲಿಗೆ ಅಂಟಿಕೊಳ್ಳಬೇಕು. ಅಂಟಿಸುವುದು ಪುಲ್ಲಿಯ ಹಿಂದೆ ಇರುವ ತಾಮ್ರದ ಕಾಯಿಲ್. ಎಸಿ ಬಟನ್ ಒತ್ತಿದಾಗ ಕಾಯಿಲ್‌ಗೆ ಕರೆಂಟ್ ಹೋಗಿ ಅಯಸ್ಕಾಂತ ಆಗುತ್ತದೆ, ಪ್ಲೇಟನ್ನು ಎಳೆದುಕೊಳ್ಳುತ್ತದೆ. ಇದಕ್ಕೇ ಎಸಿ ಕ್ಲಚ್ ಅನ್ನುವುದು.

ಮಿಸ್ತ್ರಿ ತಕ್ಷಣ ಮೀಟರ್ ತಂದು ಕಾಯಿಲ್ ವೈರಿಗೆ ಹಿಡಿದರು. 13 ವೋಲ್ಟ್ ಮೇಲೆಯೇ ಇತ್ತು. ಅಂದರೆ ಬಟನ್ ಸರಿ, ಫ್ಯೂಸ್ ಸರಿ, ರಿಲೇ ಸರಿ, ಪ್ರೆಶರ್ ಸ್ವಿಚ್ ಸರಿ, ಕರೆಂಟ್ ಮನೆ ಬಾಗಿಲವರೆಗೂ ಬಂದಿದೆ. ಬಂದರೂ ಪ್ಲೇಟ್ ಅಂಟುತ್ತಿಲ್ಲ. ಒಂದು ಉದ್ದ ಕೋಲಿನ ತುದಿಯಿಂದ ಪ್ಲೇಟನ್ನು ಸ್ವಲ್ಪ ನೂಕಿದರು. ಟಕ್! ಹಿಡಿದುಕೊಂಡಿತು, ಒಳಗೆ ತಂಪು ಗಾಳಿ ಶುರು. ಇದನ್ನು ದಯವಿಟ್ಟು ಮನೆಯಲ್ಲಿ ಮಾಡಲು ಹೋಗಬೇಡಿ, ಓಡುವ ಬೆಲ್ಟ್ ಹತ್ತಿರ ಕೈ, ಟವಲ್, ಲುಂಗಿ ಯಾವುದೂ ಹೋಗಬಾರದು. ಅವರು ವರ್ಷಗಟ್ಟಲೆ ಮಾಡಿದವರು.

ಇಂಜಿನ್ ಆಫ್ ಮಾಡಿ, ಆರಲು ಬಿಟ್ಟು, ಫೀಲರ್ ಗೇಜ್ ತೆಗೆದರು. ಚಾಕು ಹಾಗೆ ಮಡಚುವ ತೆಳು ತೆಳು ಉಕ್ಕಿನ ಎಲೆಗಳು, ಒಂದೊಂದರ ಮೇಲೂ ದಪ್ಪ ಎಷ್ಟು ಅಂತ ಕೆತ್ತಿರುತ್ತದೆ. ಪ್ಲೇಟಿಗೂ ಪುಲ್ಲಿಗೂ ನಡುವೆ ಒಂದೊಂದೇ ತೂರಿಸಿ ನೋಡಿದರು. 0.5 ಸಲೀಸಾಗಿ ಹೋಯಿತು. 0.7 ಹೋಯಿತು. 0.9 ಎಲೆ ಸ್ವಲ್ಪ ತಿಕ್ಕಿಕೊಂಡು ಹೋಯಿತು. ಸಾಮಾನ್ಯವಾಗಿ ಇರಬೇಕಾದ ಸಂದು 0.3ರಿಂದ 0.6 ಮಿಲಿಮೀಟರ್. ವರ್ಷ ಕಳೆದ ಹಾಗೆ ಪ್ಲೇಟ್ ಸವೆದು ಸಂದು ದೊಡ್ಡದಾಗುತ್ತದೆ. ಕಾಯಿಲ್ ಬಿಸಿಯಾದಷ್ಟೂ ಅದರಲ್ಲಿ ಕರೆಂಟ್ ಕಮ್ಮಿ ಹರಿಯುತ್ತದೆ, ಎಳೆತ ಸಡಿಲ ಆಗುತ್ತದೆ. ತಣ್ಣಗಿದ್ದಾಗ ಎಳೆಯಲು ಆಗುವ ದೂರವನ್ನು ಬಿಸಿಯಾದಾಗ ಎಳೆಯಲು ಆಗುವುದಿಲ್ಲ. ನಡುವೆ ಒಂದು ಸಲ ಕ್ಲಚ್ ಬಿಟ್ಟರೆ ಮತ್ತೆ ಹಿಡಿಯುವುದಿಲ್ಲ. ಅರ್ಧ ಗಂಟೆ ನಿಲ್ಲಿಸಿದರೆ ಕಾಯಿಲ್ ಆರುತ್ತದೆ, ಮತ್ತೆ ಹಿಡಿಯುತ್ತದೆ.

ಇದನ್ನು ಕೇಳಿದ ಕ್ಷಣ ನನಗೆ ಹಿಂದಿನ ಮೂರು ಸಲದ್ದೂ ಅರ್ಥವಾಯಿತು. ಆ ಅಂಗಡಿಯಲ್ಲಿ ಗ್ಯಾಸ್ ತುಂಬಿದ್ದಕ್ಕೆ ತಂಪು ಬಂದಿದ್ದಲ್ಲ. ತುಂಬುವಾಗ ಗಾಡಿ ಒಂದು ಗಂಟೆ ನೆರಳಲ್ಲಿ ನಿಂತಿತ್ತು, ಕಾಯಿಲ್ ಆರಿತ್ತು, ಅದಕ್ಕೆ ಬಂತು. ನಾನು ಗ್ಯಾಸ್‌ಗೆ ದುಡ್ಡು ಕೊಟ್ಟೆ. ಹಾಗೆ ಗಾಳಿಗೆ ಬಿಟ್ಟ ಗ್ಯಾಸ್ ಕೂಡ ಸುಮ್ನೆ ಹೋಗುವುದಿಲ್ಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಆರ್ 134ಎ ಭೂಮಿಯನ್ನು ಬಿಸಿ ಮಾಡುವುದು ಒಂದು ಟನ್ನಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಮಳೆ ನಂಬಿ ಬದುಕುವ ನಮ್ಮಂಥ ಸೀಮೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಅಂತ ನನಗೆ ಅನ್ನಿಸುತ್ತದೆ.

ರಿಪೇರಿ ಎಷ್ಟು ಸಣ್ಣದು ಗೊತ್ತಾ? ಮುಂದಿನ ಒಂದು ಬೋಲ್ಟ್ ಬಿಚ್ಚಿ ಪ್ಲೇಟ್ ಹೊರಗೆ ತೆಗೆದರು. ಅದರ ಹಿಂದೆ ಶಾಫ್ಟ್ ಮೇಲೆ ಉಗುರಿಗಿಂತ ತೆಳುವಾದ ಎರಡು ಮೂರು ವಾಷರ್ ಇದ್ದವು. ಒಂದನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ತೂಕವೇ ಗೊತ್ತಾಗಲಿಲ್ಲ. ಪ್ಲೇಟ್ ವಾಪಸ್ ಕೂರಿಸಿ ಅಳೆದಾಗ ಸಂದು 0.45. ಈ ಕೆಲಸಕ್ಕೆ ಗ್ಯಾಸ್ ಪೈಪ್ ಮುಟ್ಟುವ ಅಗತ್ಯವೇ ಇಲ್ಲ. ಆ ವಾಷರ್ ಈಗಲೂ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟಿದ್ದೀನಿ.

ಗ್ಯಾಸ್ ಪೈಪ್ ಮುಟ್ಟಿದ್ದು ಬೇರೆ ಕಾರಣಕ್ಕೆ. ಎರಡೂ ಮುಳ್ಳು ಇನ್ನೂ ಜಾಸ್ತಿ ಇದ್ದವಲ್ಲ. ಗ್ಯಾಸನ್ನು ಗಾಳಿಗೆ ಬಿಡದೆ ಒಂದು ಮಷಿನ್‌ಗೆ ಎಳೆದುಕೊಂಡು ತೂಕ ಹಾಕಿದರು. 740 ಗ್ರಾಂ. ಬಾನೆಟ್ ಕೆಳಗಿನ ಸ್ಟಿಕ್ಕರ್ ಒರೆಸಿ ತೋರಿಸಿದರು, 600 ಗ್ರಾಂ ಅಂತ ಇತ್ತು. ಮೂರನೇ ಸಲ ಹಾಕಿದ "ಸ್ವಲ್ಪ ಜಾಸ್ತಿ" ಇದೇ! ಮುಚ್ಚಿದ ಜಾಲಿ, ಜಾಸ್ತಿ ಗ್ಯಾಸ್, ಎರಡೂ ಸೇರಿ ಕಂಪ್ರೆಸರ್ ಮೇಲೆ ಭಾರ ಬಿದ್ದು, ಮೊದಲೇ ಸವೆದಿದ್ದ ಕ್ಲಚ್ ಇನ್ನೂ ಬೇಗ ಬಿಸಿಯಾಗುತ್ತಿತ್ತು. ಗ್ಯಾಸ್ ತುಂಬುವ ಮೂತಿಯೊಂದರಲ್ಲಿ ಸೋಪಿನ ನೀರು ಬಿಟ್ಟಾಗ ಸಾಸಿವೆ ಗಾತ್ರದ ಗುಳ್ಳೆ ನಿಧಾನಕ್ಕೆ ಎದ್ದಿದ್ದನ್ನೂ ತೋರಿಸಿದ್ದರು. ಒಳಗಿನ ಸಣ್ಣ ವಾಲ್ವ್ ಹೋಗಿತ್ತು, ಮೇಲಿನ ಮುಚ್ಚಳವನ್ನು ಹಿಂದಿನವರು ಹಾಕಿಯೇ ಇರಲಿಲ್ಲ.

ವಾಲ್ವ್ ಬದಲಾಯಿಸಿದರು. ಗಾಡಿ ಬಂದಾಗಿನ ಡ್ರೈಯರ್ ಇನ್ನೂ ಅದೇ ಇತ್ತು, ಒಳಗಿನ ತೇವ ಹೀರುವ ಡಬ್ಬಿ ಅದು. ಈಗಲೇ ಬದಲಿಸಿದರೆ ಒಳ್ಳೆಯದು ಅಂದರು, ಒತ್ತಾಯ ಮಾಡಲಿಲ್ಲ. ನಾನೇ ಹಾಕಿ ಅಂದೆ. ಗ್ಯಾಸ್ ಜೊತೆ ಬಂದಿದ್ದ ಆಯಿಲ್ಲನ್ನು ಅಳತೆ ಗೀಟು ಇರುವ ಸಣ್ಣ ಗಾಜಿನಲ್ಲಿ ನೋಡಿ, ಅಷ್ಟೇ ಹೊಸ ಆಯಿಲ್ ಹಾಕಿದರು. ಆಮೇಲೆ ನಲವತ್ತು ನಿಮಿಷ ವ್ಯಾಕ್ಯೂಮ್ ಪಂಪ್. ಅವಸರದವರು ಇದನ್ನೇ ಬಿಡುವುದು. ಒಳಗಿನ ಗಾಳಿ ಎಳೆದುಹಾಕಿದಾಗ ಉಳಿದ ನೀರಿನ ಪಸೆ ಸಾಮಾನ್ಯ ಬಿಸಿಯಲ್ಲೇ ಕುದ್ದು ಆವಿಯಾಗಿ ಹೊರಗೆ ಹೋಗುತ್ತದೆ. ಹೋಗದಿದ್ದರೆ ಆ ನೀರು ವಾಲ್ವ್ ಬಾಯಲ್ಲಿ ಮಂಜುಗಟ್ಟುತ್ತದೆ, ನಿಧಾನಕ್ಕೆ ಒಳಗೆಲ್ಲಾ ಕೊರೆಯುತ್ತದೆ. ಪಂಪ್ ನಿಲ್ಲಿಸಿ ಇಪ್ಪತ್ತು ನಿಮಿಷ ಮುಳ್ಳು ಏರುತ್ತದಾ ಅಂತ ನೋಡಿದರು. ಏರಲಿಲ್ಲ. ಆಮೇಲೆ ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು 600 ಗ್ರಾಂ ತುಂಬಿದರು.

ನೀಲಿ 34, ಕೆಂಪು 220. ಹೊರಗೆ 37 ಡಿಗ್ರಿ ಇದ್ದಾಗ ಮಧ್ಯದ ಕಿಂಡಿಗೆ ಸಿಕ್ಕಿಸಿದ ಥರ್ಮಾಮೀಟರ್ 8 ಡಿಗ್ರಿ ತೋರಿಸಿತು, ಇಂಜಿನ್ ಸ್ವಲ್ಪ ಏರಿಸಿ ಇಟ್ಟಾಗ. ಸುಮ್ನೆ ನಿಂತಾಗ 12. ಹಳೇ ಡೀಸೆಲ್ ಗಾಡಿ ನಿಂತಲ್ಲಿ ಇದಕ್ಕಿಂತ ಕೊಡುವುದು ಕಷ್ಟ ಅಂತ ಅವರೇ ಮೊದಲೇ ಹೇಳಿದರು.

ಬಿಲ್ ಒಟ್ಟು 3,420 ರೂಪಾಯಿ. ಕ್ಲಚ್ ಕೆಲಸ 600, ಕಂಡೆನ್ಸರ್ ತೊಳೆದಿದ್ದು 300, ಗ್ಯಾಸ್ ಎಳೆದು ವ್ಯಾಕ್ಯೂಮ್ ಮಾಡಿ ತುಂಬಿದ್ದು ಆಯಿಲ್ ಸೇರಿ 1,500, ಡ್ರೈಯರ್ 900, ವಾಲ್ವ್ ಮತ್ತು ಮುಚ್ಚಳ 120. ಬಿಲ್ಲಿನ ಹಿಂದೆ ಮೊದಲಿನ ಒತ್ತಡ, ಆಮೇಲಿನ ಒತ್ತಡ, ಸಂದಿನ ಅಳತೆ ಎಲ್ಲಾ ಬರೆದುಕೊಟ್ಟರು. ಹಳೇ ಡ್ರೈಯರ್ ಕವರಿಗೆ ಹಾಕಿ ಕೈಗೆ ಕೊಟ್ಟರು. ನಾನು ಇಷ್ಟು ವರ್ಷದಲ್ಲಿ ಎಷ್ಟೋ ಗ್ಯಾರೇಜ್ ನೋಡಿದ್ದೀನಿ, ಹೀಗೆ ಬರೆದುಕೊಟ್ಟವರು ಯಾರೂ ಇಲ್ಲ.

ಕೊರತೆಯೂ ಹೇಳಬೇಕು. ಹನ್ನೊಂದಕ್ಕೆ ಹೋದವರು ಬಿಟ್ಟಿದ್ದು ಸಂಜೆ ಆರೂವರೆಗೆ. ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ, ಕೂರಲು ಸರಿಯಾದ ಜಾಗ ಇಲ್ಲ, ಬಾತ್‌ರೂಮ್ ಇಲ್ಲ. ನಾನು ಮಧ್ಯಾಹ್ನ ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಬೆಣ್ಣೆ ದೋಸೆ ತಿನ್ನಿಸಿ, ಅಲ್ಲೇ ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಕೂರಿಸಿಕೊಂಡು ಬಂದೆ. ಫೋನ್ ಮಾಡಿದರೆ ಎತ್ತುವುದಿಲ್ಲ, ಕೈಯೆಲ್ಲಾ ಆಯಿಲ್ ಇರುತ್ತದೆ ಅಂತಾರೆ. ಹುಡುಗನಾದರೂ ಎತ್ತಬಹುದು. ಬ್ಲೋವರ್ ನಮ್ಮದರಲ್ಲಿ ಕೊನೆಯ ಸ್ಪೀಡಿನಲ್ಲಿ ಮಾತ್ರ ಓಡುತ್ತಿತ್ತು. ಅದರ ರೆಸಿಸ್ಟರ್ ಸುಟ್ಟಿದೆ ಅಂತ ನೋಡಿದ ತಕ್ಷಣ ಹೇಳಿದರು, ಆದರೆ ಪಾರ್ಟ್ ಅವರ ಹತ್ತಿರ ಇರಲಿಲ್ಲ. ತರಿಸಲು ಹತ್ತು ದಿನ ಬೇಕಾಯಿತು, ಅದಕ್ಕೆ ಇನ್ನೊಂದು ಸಲ ಹೋಗಬೇಕಾಯಿತು.

ಆ ಕಾಯುವ ಹೊತ್ತಲ್ಲಿ ನಾನು ಕೇಳಿ ತಿಳಿದುಕೊಂಡ ಒಂದೆರಡು ವಿಷಯ, ನಿಮಗೂ ಉಪಯೋಗಕ್ಕೆ ಬರಬಹುದು. ಓಡುವಾಗ ತಂಪಿದ್ದು ಸಿಗ್ನಲ್‌ನಲ್ಲಿ ಬಿಸಿಯಾದರೆ ಮುಂದಿನ ಫ್ಯಾನ್, ಕಂಡೆನ್ಸರ್ ಕಡೆ ನೋಡಿಸಿ. ಹೊರಟ ಸ್ವಲ್ಪ ಹೊತ್ತಿಗೆ ಗಾಳಿಯ ಜೋರೇ ಇಳಿದು, ಎಸಿ ಆಫ್ ಮಾಡಿ ಹತ್ತು ನಿಮಿಷದ ಮೇಲೆ ಸರಿಹೋದರೆ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟುತ್ತಿದೆ. ಎಡಗಡೆ ಕೂತವರ ಕಾಲಿನ ಹತ್ತಿರ ನೀರು ಬಂದರೆ ಹೆದರಬೇಡಿ, ನೀರು ಹೊರಹೋಗುವ ಪೈಪ್ ಮಣ್ಣಿನಿಂದ ಕಟ್ಟಿರುತ್ತದೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ, ಇಲ್ಲದಿದ್ದರೆ ಒಳಗಿನ ಆಯಿಲ್ ಓಡಾಡದೆ ಸೀಲ್‌ಗಳು ಒಣಗುತ್ತವೆ.

ಈಗ ಎರಡು ತಿಂಗಳಾಯಿತು. ಚಿತ್ರದುರ್ಗಕ್ಕೆ, ಹೊಳಲ್ಕೆರೆಗೆ, ಒಂದು ಸಲ ಚಳ್ಳಕೆರೆಗೆ ಮಧ್ಯಾಹ್ನದ ಬಿಸಿಲಲ್ಲೇ ಹೋಗಿ ಬಂದಿದ್ದೀವಿ. ಕ್ಲಚ್ ಒಂದು ಸಲವೂ ಬಿಟ್ಟಿಲ್ಲ. ಹೋದ ಸಲ ಡಾಕ್ಟರ್ ಹತ್ತಿರ ಹೋಗುವಾಗ ಆನಗೋಡು ಯಾವಾಗ ದಾಟಿತು ಅಂತ ಅಪ್ಪನಿಗೆ ಗೊತ್ತೇ ಆಗಲಿಲ್ಲ, ನಿದ್ದೆ ಹೋಗಿದ್ದರು.

ನೀವು ಅಲ್ಲಿಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಎಸಿ ಯಾವಾಗ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ ಅಂತ ಒಂದು ವಾರ ಗಮನಿಸಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದು ಅದನ್ನೇ.